ಕಡ್ಡಿ ಪೂರಾ ಇದ್ದವು, ಫೋನ್ ಹತ್ತುತ್ತಿರಲಿಲ್ಲ

ಫೋನಿಗೆ ಕಸ್ಟಮ್ ರಾಮ್, ಅಂದರೆ ಕಂಪನಿಯದನ್ನು ತೆಗೆದು ಬೇರೆಯವರು ಕಟ್ಟಿದ ಸಿಸ್ಟಮ್, ಹಾಕುವ ಹುಡುಗರಿಗೆಲ್ಲ ಇರುವ ಭಯ ಒಂದೇ. ಎಲ್ಲಿ ಫೋನು ಸತ್ತು ಇಟ್ಟಿಗೆಯಾಗಿ ಕೂರುತ್ತದೋ ಎಂದು. ನನಗೂ ಅದೇ ಇತ್ತು. ಸತ್ತ ಫೋನು ಬದುಕಿಸುವ ದಾರಿಗಳನ್ನು ಮೊದಲೇ ಓದಿಕೊಂಡಿದ್ದೆ. ಕೇಬಲ್ಲು, ಡ್ರೈವರು, ಕಂಪನಿಯ ಮೂಲ ಫೈಲು ಎಲ್ಲವೂ ಲ್ಯಾಪ್‌ಟಾಪಿನಲ್ಲಿ ತಯಾರಿದ್ದವು. ಆದರೆ ನಾನು ಕೆಡಿಸಿದ ಫೋನು ಸಾಯಲೇ ಇಲ್ಲ. ಮೊದಲಿಗಿಂತ ಚುರುಕಾಗಿ ಓಡಾಡಿಕೊಂಡಿತ್ತು. ಹಾಗಾಗಿಯೇ ಅದು ಕೆಟ್ಟಿದೆ ಎಂದು ಗೊತ್ತಾಗಲು ತಡವಾಯಿತು.

ಈ ಚಟ ಹತ್ತಿಸಿದ್ದು ಕನ್ನಡವೇ. ಚಿಕ್ಕೋಡಿಯಲ್ಲಿ ಓದುತ್ತಿದ್ದ ಕಾಲ, 2011ರ ಸುಮಾರು. ನಮ್ಮ ಕೈಗೆಟಕುವ ಆಂಡ್ರಾಯ್ಡ್ ಫೋನುಗಳಲ್ಲಿ 2.3ನೇ ಆವೃತ್ತಿ ಇರುತ್ತಿತ್ತು. ಕನ್ನಡದ ಯಾವ ಪುಟ ತೆರೆದರೂ ಸಾಲುಸಾಲು ಚೌಕಗಳು. ಒಪೆರಾ ಮಿನಿಯಲ್ಲಿ ವಿಳಾಸದ ಜಾಗದಲ್ಲಿ ಕಾನ್ಫಿಗ್ ಎಂದು ಬರೆದು ಕೋಲನ್ ಹಾಕಿ, ಒಳಗಿನ ಒಂದು ಆಯ್ಕೆ ಬದಲಿಸಿದರೆ ಅಕ್ಷರಗಳನ್ನು ಚಿತ್ರವಾಗಿಸಿ ತೋರಿಸುತ್ತಿತ್ತು. ಹಾಸ್ಟೆಲಿನಲ್ಲಿ ಅದು ಗೊತ್ತಿದ್ದವನೇ ಪಂಡಿತ. ಆದರೆ ಅದು ಆ ಬ್ರೌಸರಿಗೆ ಮಾತ್ರ. ಮೆಸೇಜಿನಲ್ಲೂ ಕನ್ನಡ ಕಾಣಬೇಕೆಂದರೆ ಫೋನ್ ರೂಟ್ ಮಾಡಿ, ಅಂದರೆ ಸಿಸ್ಟಮ್ಮಿನ ಫೈಲು ಮುಟ್ಟುವ ಹಕ್ಕು ಪಡೆದು, ಅದರ ಫಾಂಟ್ ಫೋಲ್ಡರಿಗೆ ಕನ್ನಡ ಫಾಂಟು ತುರುಕಬೇಕಿತ್ತು. ತುರುಕಿದೆ. ಚೌಕಗಳು ಹೋದವು, ಆದರೆ ಒತ್ತಕ್ಷರ ಕೂಡಿಸುವ ವಿದ್ಯೆ ಆ ಆಂಡ್ರಾಯ್ಡಿಗೆ ಗೊತ್ತಿರಲಿಲ್ಲ. ರಾಯಬಾಗ ಸರಿಯಾಗಿ ಕಾಣುತ್ತಿತ್ತು. ಚಿಕ್ಕೋಡಿ ಮತ್ತು ನಿಪ್ಪಾಣಿ ಚೂರುಚೂರಾಗುತ್ತಿದ್ದವು.

2012ರಲ್ಲಿ ಬಂದ 4.1ನೇ ಆವೃತ್ತಿಯಲ್ಲಿ ಗೂಗಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತು. ಅಗ್ಗದ ಫೋನುಗಳಿಗೆ ಆ ಅಪ್‌ಡೇಟು ತಲುಪುವುದು ಮಾತ್ರ ಕನಸಿನ ಮಾತಾಗಿತ್ತು. ಆಗ ಕೈಹಿಡಿದದ್ದು ಸಯನೋಜೆನ್‌ಮಾಡ್ ಎಂಬ ಕಸ್ಟಮ್ ರಾಮ್. ಅಮೆರಿಕದ ಸ್ಟೀವ್ ಕೊಂಡಿಕ್ 2009ರಲ್ಲಿ ಶುರುಮಾಡಿದ್ದು. ಯಾವನೋ ಪುಣ್ಯಾತ್ಮ ಅದನ್ನು ನನ್ನ ಫೋನಿಗೆ ಹೊಂದಿಸಿಟ್ಟಿದ್ದ. ರಾತ್ರಿ ಕೂತು ಹಾಕಿದೆ, ಚಿಕ್ಕೋಡಿ ಒಂದಾಯಿತು. ಕಂಪನಿ ಕೊಡದ್ದನ್ನು ನಾನೇ ತಂದುಕೊಂಡೆನೆಂಬ ಆ ಸೊಕ್ಕು ಮುಂದೆ ಬಹಳ ಕಾಲ ಇಳಿಯಲಿಲ್ಲ.

ಅಲ್ಲಿಂದಾಚೆ ನಾನು ಫೋನ್ ಆರಿಸುವ ಲೆಕ್ಕವೇ ಬೇರೆಯಾಯಿತು. ಕ್ಯಾಮೆರಾ, ಬ್ಯಾಟರಿ ಯಾವುದೂ ಬೇಡ. ಬೇರೆ ಸಿಸ್ಟಮ್ ಹಾಕಗೊಡದ ಬೀಗವಾದ ಬೂಟ್‌ಲೋಡರ್ ತೆರೆಯುತ್ತದೆಯೇ, ಚಿಪ್ಪು ಸ್ನಾಪ್‌ಡ್ರಾಗನ್ನೋ ಮೀಡಿಯಾಟೆಕ್ಕೋ, ಕರ್ನಲ್ಲಿನ ಮೂಲಸಂಕೇತವನ್ನು ಕಂಪನಿ ಬಿಟ್ಟುಕೊಟ್ಟಿದೆಯೇ, ಇಷ್ಟೇ. ಆಂಡ್ರಾಯ್ಡಿನ ಬುಡದಲ್ಲಿರುವ ಲಿನಕ್ಸ್ ಕರ್ನಲ್ಲು ಜಿಪಿಎಲ್ ಪರವಾನಗಿಯದು. ಹಂಚಿದವರು ಸಂಕೇತವನ್ನೂ ಕೊಡಬೇಕು. ಕೆಲವರು ಬೇಗ ಕೊಡುತ್ತಾರೆ, ಕೆಲವರು ಕೊಡುವುದೇ ಇಲ್ಲ. 2017ರ ಜನವರಿಯಲ್ಲಿ ಬಂದ ರೆಡ್ಮಿ ನೋಟ್ 4ರಂಥ ಸ್ನಾಪ್‌ಡ್ರಾಗನ್ ಫೋನುಗಳಿಗೆ ತರಹೇವಾರಿ ರಾಮ್‌ಗಳು ಸಿಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ಅಪ್ಪನಿಗೆ ಅಂಥದ್ದೇ ಒಂದು ಫೋನ್ ಕೊಡಿಸಿದೆ, ಹೆಸರು ಬೇಡ. ಅವರಿಗೇನು ಬೇಕೆಂದು ಕೇಳಲಿಲ್ಲ. ಹಳೆಯದಾದ ಮೇಲೂ ಹೊಸ ಆಂಡ್ರಾಯ್ಡ್ ಹಾಕಬಹುದಲ್ಲ ಎಂಬುದು ನನ್ನ ದೂರಾಲೋಚನೆ. ಹಳೆಯದಾಗುವವರೆಗೆ ಕಾಯಲೂ ಇಲ್ಲ.

ಆ ಫೋನಿಗೆಂದು ನಾನು ಇಳಿಸಿಕೊಂಡ ರಾಮ್‌ನ ಪುಟದಲ್ಲಿ ಅದನ್ನು ಕಟ್ಟಿದವನು ಬರೆದಿದ್ದ: ಏನೇನು ಕೆಲಸ ಮಾಡುತ್ತದೆ? ಎಲ್ಲವೂ. ದೋಷಗಳೇನು? ನೀವೇ ಹೇಳಿ. ಈ ಲೋಕದ ಹಳೆಯ ತಮಾಷೆ ಇದು. ನಾನು ತಮಾಷೆಯನ್ನು ಪ್ರಮಾಣಪತ್ರವೆಂದು ಓದಿದೆ.

ಕಬ್ಬಿನ ಹಂಗಾಮು ಅದು. ನಮ್ಮದು ಕಾಗವಾಡದ ಕಡೆ ಹೊಲ. ಕಟಾವಿನ ಪಾಳಿ ಯಾವಾಗ, ಕಬ್ಬು ಕಡಿಯುವವರ ಟೋಳಿ ಎಲ್ಲಿಗೆ ಬಂದಿದೆ, ಟ್ರ್ಯಾಕ್ಟರು ಯಾರದು, ಎಲ್ಲ ನಡೆಯುವುದು ಫೋನಿನ ಮೇಲೆ. ಕಾರ್ಖಾನೆಯ ಸ್ಲಿಪ್‌ಬಾಯ್, ಟೋಳಿಯ ಮುಕಾದಮ, ಡ್ರೈವರು, ಮೂವರ ಹತ್ತಿರವೂ ಇದ್ದದ್ದು ಅಪ್ಪನ ಜಿಯೊ ನಂಬರು. ಹೊಸ ಸಿಸ್ಟಮ್ ಹಾಕಿದ ಮೇಲೆ ಯೂಟ್ಯೂಬ್ ಓಡಿತು, ವಾಟ್ಸಾಪ್ ಬಂತು. ನಾನು ಬೆಳಗಾವಿಗೆ ಕೆಲಸಕ್ಕೆ ಮರಳಿದೆ. ಆಮೇಲೆ ಕಾಕಾನ ಫೋನು: “ಏ ತಮ್ಮಾ, ನಿಮ್ಮಪ್ಪಗ ಫೋನ್ ಹತ್ತವಲ್ದಲ್ಲೋ. ಪಾಳಿ ಬಂದು ಹೋತು.” ಸ್ಲಿಪ್‌ಬಾಯ್ ಹಚ್ಚಿ ಹಚ್ಚಿ ಬೇಸತ್ತು ಟೋಳಿಯನ್ನು ಪಕ್ಕದ ಹೊಲಕ್ಕೆ ಇಳಿಸಿದ್ದ. ಅಪ್ಪ ಫೋನನ್ನು ಕಿಸೆಯಲ್ಲಿಟ್ಟುಕೊಂಡು ಅದೇ ಕರೆಗೆ ಕಾಯುತ್ತ ಕೂತಿದ್ದರು. ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು: “ಕಡ್ಡಿ ಪೂರಾ ಅದಾವಲ್ಲೋ, ಮತ್ಯಾಕ ಬರೂದಿಲ್ಲ?”

ಕಾರಣ ಇಷ್ಟು. ಬೇರೆ ಕಂಪನಿಗಳ ಸಿಮ್ಮಿನಲ್ಲಿ ಕರೆ ಬಂದಾಗ ಫೋನು 4ಜಿಯಿಂದ 3ಜಿಗೋ 2ಜಿಗೋ ಇಳಿದು ಮಾತಾಡಬಲ್ಲದು. 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೊಗೆ ಇಳಿಯಲು ಕೆಳಗೆ ಮೆಟ್ಟಿಲೇ ಇಲ್ಲ. ಆಗ ಇದ್ದದ್ದು 4ಜಿ ಮಾತ್ರ, ಕರೆಯೂ ವೋಲ್ಟಿ, ಅಂದರೆ 4ಜಿ ಮೇಲೆಯೇ ದನಿ ಸಾಗಿಸುವ ವ್ಯವಸ್ಥೆ, ಮೂಲಕವೇ ಬರಬೇಕಿತ್ತು. ಆ ವೋಲ್ಟಿ ನಡೆಸುವ ತುಣುಕು ಚಿಪ್ ತಯಾರಕರ ಮುಚ್ಚಿದ ತಂತ್ರಾಂಶ. ರಾಮ್ ಕಟ್ಟುವವರು ಅದನ್ನು ಕಂಪನಿಯ ಸಿಸ್ಟಮ್ಮಿನಿಂದ ಎತ್ತಿ ಜೋಡಿಸಬೇಕು. ಜೋಡಣೆ ತಪ್ಪಿದರೆ ಇಂಟರ್ನೆಟ್ ಓಡುತ್ತದೆ, ಕರೆ ಬರುವುದಿಲ್ಲ. ಒಂದು ಮಿಸ್‌ಕಾಲ್ ಕೊಟ್ಟು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಮನೆಯೊಳಗೆ ಎದುರಿಗೇ ಕೂತವರಿಗೆ ಯಾರು ಫೋನ್ ಹಚ್ಚುತ್ತಾರೆ?

ಗಡಿಯ ಕಿತಾಪತಿ ಬೇರೆ. ನಮ್ಮ ಸಿಮ್ಮು ಕರ್ನಾಟಕ ವೃತ್ತದ್ದು. ಹೊಲದ ಆಚೆ ಬದುವಿಗೆ ಹೋದರೆ ಫೋನು ಹಿಡಿಯುವುದು ಮಿರಜ ಕಡೆಯ ಟವರನ್ನು, ಅದು ಮಹಾರಾಷ್ಟ್ರ ವೃತ್ತ. ಹೊಸದಾಗಿ ಹಾಕಿದ ಸಿಸ್ಟಮ್ಮಿನಲ್ಲಿ ಡೇಟಾ ರೋಮಿಂಗ್ ಬಂದ್ ಇರುತ್ತದೆ. ರೋಮಿಂಗಿಗೆ ದುಡ್ಡು ಹಿಡಿಯುವ ಕಾಲ ಮುಗಿದರೂ ಆ ಸ್ವಿಚ್ಚು ಉಳಿದಿದೆ. ನೀರು ಬಿಡಲು ಹೋದಾಗ ವಾಟ್ಸಾಪ್ ನಿಲ್ಲುತ್ತದೆ, ಮನೆಗೆ ಬಂದರೆ ಚಾಲೂ ಆಗುತ್ತದೆ ಎಂದು ಅಪ್ಪ ಹೇಳಿದಾಗ ನಾನು ನಕ್ಕಿದ್ದೆ. ಬೆಂಗಳೂರಿನಲ್ಲೋ ಬರ್ಲಿನ್ನಿನಲ್ಲೋ ಕೂತು ರಾಮ್ ಪರೀಕ್ಷಿಸುವವನಿಗೆ ಒಂದೇ ಹೊಲದಲ್ಲಿ ಎರಡು ರಾಜ್ಯದ ಟವರು ಬರುವ ಊರು ಹೊಳೆಯಲಿಕ್ಕಿಲ್ಲ. ಆದರೆ ನಾನು ಆ ಊರಿನವನೇ.

ಊರಿಗೆ ಓಡಿದೆ. ಕಂಪನಿಯ ಸಿಸ್ಟಮ್ಮಿಗೇ ವಾಪಸ್ ತರುವ ಅವಸರದಲ್ಲಿ ಬೇರೆ ಆವೃತ್ತಿಯ ಮೋಡೆಮ್ ಫೈಲು ಹಾಕಿಬಿಟ್ಟೆ. *#06# ಒತ್ತಿದರೆ 15 ಅಂಕಿಯ ಐಎಂಇಐ ಬರಬೇಕಾದಲ್ಲಿ ಸೊನ್ನೆ. ಈಗ ಕಡ್ಡಿಗಳೂ ಹೋದವು. ಐಎಂಇಐ, ಆ ಫೋನಿನದೇ ರೇಡಿಯೊ ಹೊಂದಾಣಿಕೆ ಇವೆಲ್ಲ ಇಎಫ್‌ಎಸ್ ಎಂಬ ಪುಟ್ಟ ವಿಭಾಗದಲ್ಲಿರುತ್ತವೆ. ರಾಮ್ ಹಾಕಲು ಬಳಸುವ ಟಿಡಬ್ಲ್ಯುಆರ್‌ಪಿಯಲ್ಲಿ ಬ್ಯಾಕಪ್ ತೆಗೆಯುವಾಗ ಅದಕ್ಕೊಂದು ಚೌಕ ಇರುತ್ತದೆ, ಟಿಕ್ ಮಾಡಬೇಕು. ಕೆಲವೇ ಎಂಬಿ ಅದು. ಅಪ್ಪನ ಗುಡ್‌ಮಾರ್ನಿಂಗ್ ಚಿತ್ರಗಳನ್ನೆಲ್ಲ ಜೋಪಾನ ಮಾಡಿದ್ದ ನಾನು ಅದನ್ನು ಬಿಟ್ಟಿದ್ದೆ.

ಅಥಣಿಯ ರಿಪೇರಿ ಅಂಗಡಿಯೊಂದರಲ್ಲಿ ಬೇರೆ ಹಳೇ ಫೋನಿನ ನಂಬರ್ ಕೂಡಿಸಿ ಕೊಡುತ್ತೇನೆ ಎಂದರು. ಐಎಂಇಐ ತಿದ್ದುವುದು ಅಪರಾಧವೆಂದು 2017ರಲ್ಲೇ ನಿಯಮ ಬಂದಿದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಂತೂ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಅಂದು ನನ್ನನ್ನು ತಡೆದದ್ದು ಕಾನೂನಲ್ಲ, ಅಪ್ಪನ ಮುಖ. ಸರ್ವಿಸ್ ಸೆಂಟರಿನವರು ಬೋರ್ಡೇ ಬದಲಿಸಬೇಕೆಂದರು. ಆ ದುಡ್ಡಿಗೆ ಬೇರೆ ಫೋನ್ ಬರುತ್ತಿತ್ತು.

ಈಗ ಊರಲ್ಲಿ ಯಾರಾದರೂ ಯಾವ ಫೋನ್ ತಗೊಳ್ಳಲಿ ಎಂದು ಕೇಳಿದರೆ ನಾನು ಚಿಪ್ಪಿನ ಸುದ್ದಿ ಎತ್ತುವುದಿಲ್ಲ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿಕೊಂಡು ಬಾ ಎನ್ನುತ್ತೇನೆ. 2023ರ ಪಿಕ್ಸೆಲ್ 8ಕ್ಕೆ, 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಮಾತು ಕೊಟ್ಟಿದ್ದಾರೆ. ನಾವು ರಾಮ್ ಹಾಕುತ್ತಿದ್ದ ಅರ್ಧ ಕಾರಣ ಅಲ್ಲಿಗೇ ಮುಗಿಯಿತು. ಮಿರಜ, ಇಚಲಕರಂಜಿಯಿಂದ ಸೆಕೆಂಡ್‌ಹ್ಯಾಂಡ್ ತರುವವರಾದರೆ ದುಡ್ಡು ಕೊಡುವ ಮೊದಲು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಮೆಸೇಜ್ ಮಾಡಲಿ, ಕದ್ದ ಮಾಲಿದ್ದರೆ ಸುಳಿವು ಸಿಗುತ್ತದೆ. ಬೂಟ್‌ಲೋಡರ್ ತೆರೆದ ಫೋನಿನಲ್ಲಿ ಬ್ಯಾಂಕಿನ ಆ್ಯಪುಗಳು ಮುನಿಸಿಕೊಳ್ಳುತ್ತವೆ. ಮ್ಯಾಜಿಸ್ಕ್ ಎಂಬ ತಂತ್ರಾಂಶ ಹಾಕಿ ಅದನ್ನು ಬಚ್ಚಿಡುವುದು, ಗೂಗಲ್ ಹುಡುಕಿ ಹಿಡಿಯುವುದು, ವರ್ಷಗಟ್ಟಲೆ ನಡೆದ ಇಲಿ–ಬೆಕ್ಕಿನಾಟ. ಹಾಲಿನ ಡೇರಿಯ ದುಡ್ಡು ಬಂತೋ ಇಲ್ಲವೋ ನೋಡಬೇಕಾದವರಿಗೆ ಆ ಆಟ ಬೇಡ.

ನನ್ನ ಚಟ ಪೂರ್ತಿ ಬಿಟ್ಟಿದೆ ಎಂದರೆ ಸುಳ್ಳಾಗುತ್ತದೆ. ಸಯನೋಜೆನ್‌ಮಾಡ್ 2016ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಅದರ ಬೇರಿನಿಂದಲೇ ಲಿನೇಜ್ ಓಎಸ್ ಚಿಗುರಿತು. ಸಿಮ್ ಇಲ್ಲದ ನನ್ನ ಹಳೆಯ ಫೋನೊಂದರಲ್ಲಿ ಅದಿದೆ, ಅಡುಗೆಮನೆಯಲ್ಲಿ ಅವ್ವ ಹಾಡು ಕೇಳಲಿಕ್ಕೆ.

ಆ ಫೋನು ಕೆಟ್ಟ ಮೇಲೆ ಅಪ್ಪ ಮಾತ್ರ ನನ್ನನ್ನು ಕೇಳದೇ ಒಂದೂವರೆ ಸಾವಿರ ಡಿಪಾಜಿಟ್ ಕಟ್ಟಿ ಜಿಯೊಫೋನ್ ತಂದರು, ಗುಂಡಿಯದು. ತಿರುವಿ ನೋಡಿದರೆ ಒಳಗಿರುವುದು ಕೈ ಓಎಸ್. ಮೊಜಿಲ್ಲಾದವರು ಕೈಬಿಟ್ಟ ಫೈರ್‌ಫಾಕ್ಸ್ ಓಎಸ್ಸಿನ ಮುಕ್ತ ಸಂಕೇತವನ್ನು ಬೇರೆಯವರು ಎತ್ತಿಕೊಂಡು ಬೆಳೆಸಿದ್ದು ಅದು. ನಾವು ಹುಡುಗರು ರಾತ್ರಿಯೆಲ್ಲ ಮಾಡುತ್ತಿದ್ದ ಕೆಲಸದ ಸೋದರಸಂಬಂಧಿಯೇ ಎನ್ನಬೇಕು. ಸಡಗರದಿಂದ ಅದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಫೋನನ್ನು ನನ್ನ ಕೈಯಿಂದ ವಾಪಸ್ ಇಸಕೊಂಡರು. “ಹೌದಾ. ನೀ ಹೊರಗ ಹೋಗಿ ಒಂದು ಮಿಸ್‌ಕಾಲ್ ಕೊಡು, ನೋಡೂಣು.”