ಕುಂಡದ ಹದ

ವರ್ಕ್ ಫ್ರಂ ಹೋಮ್ ಮಾಡೋರ ಮನೆಗಳಲ್ಲಿ ಈಗ ಮೂರು ಐಟಮ್ ಗ್ಯಾರಂಟಿ: ಒಂದು ಎಕ್ಸ್‌ಟೆನ್ಷನ್ ಬೋರ್ಡು, ಒಂದು ಮನಿ ಪ್ಲಾಂಟು, ಆ ಮನಿ ಪ್ಲಾಂಟಿನ ಸುತ್ತ ಹಾರಾಡೋ ಸಣ್ಣ ಕಪ್ಪು ನೊರಜು. ಮೀಟಿಂಗ್‌ನಲ್ಲಿ ಮ್ಯಾನೇಜರ್ ಸೀರಿಯಸ್ಸಾಗಿ ಏನೋ ಹೇಳ್ತಿರುವಾಗ ಸರಿಯಾಗಿ ಮೂಗಿನ ಮುಂದೆ ಹಾದುಹೋಗುತ್ತಲ್ಲ, ಅದೇ. ಹಣ್ಣಿನ ನೊಣ ಅಂದ್ಕೊಂಡು ಬಾಳೆಹಣ್ಣನ್ನ ಮುಚ್ಚಿಟ್ಟು ಸುಮ್ಮನಾಗೋರೇ ಜಾಸ್ತಿ. ಆದರೆ ಅದು ಹುಟ್ಟಿರೋದು ಮಣ್ಣಲ್ಲಿ. ಹೆಸರು ಫಂಗಸ್ ನ್ಯಾಟ್.

ಅದು ಕಚ್ಚಲ್ಲ, ಕುಟುಕಲ್ಲ. ಹಾರೋ ನೊರಜಿನ ಆಯುಸ್ಸು ಹೆಚ್ಚೂಕಮ್ಮಿ ಒಂದು ವಾರ. ಅಷ್ಟರಲ್ಲಿ ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು, ಅದೂ ಒದ್ದೆ ಮಣ್ಣಿನ ಮೇಲ್ಪದರದಲ್ಲಿ. ಮೊಟ್ಟೆಯೊಡೆದು ಬರೋ ಹುಳು ತೆಳ್ಳಗೆ, ಬೆಳ್ಳಗೆ, ತಲೆ ಮಾತ್ರ ಮಿರಮಿರ ಕಪ್ಪು. ಅದರ ಊಟ ಮಣ್ಣಿನ ಬೂಷ್ಟು, ಕೊಳೆತ ಎಲೆ. ಹುಳು ಹೆಚ್ಚಾದರೆ ಎಳೇ ಬೇರೂ ಸರಿ. ಮೊಟ್ಟೆಯಿಂದ ನೊರಜು ಆಗೋದಕ್ಕೆ ಮೂರು-ನಾಲ್ಕು ವಾರ ಸಾಕು. ಸ್ಪ್ರೇ ಹೊಡೆದ್ರೆ ಸಾಯೋದು ಹಾರ್ತಿರೋವು ಮಾತ್ರ, ಮುಂದಿನ ಬ್ಯಾಚು ಮಣ್ಣಲ್ಲಿ ಆರಾಮಾಗಿ ರೆಡಿ ಆಗ್ತಿರುತ್ತೆ. ಅದಕ್ಕೇ ಇದು ಹುಳದ ಸಮಸ್ಯೆ ಅನ್ನೋದಕ್ಕಿಂತ ನೀರಿನ ಸಮಸ್ಯೆ ಅನ್ನೋದು ವಾಸಿ.

ಮಂಡ್ಯದ ನಮ್ಮನೇಲಿ ನೀರು ಅಂದ್ರೆ ಅವ್ವನ ಇಲಾಖೆ. ಅಪ್ಪ ತೀರಿಕೊಂಡ ಮೇಲೆ ಮದ್ದೂರು ತಾಲ್ಲೂಕಿನ ಗದ್ದೇನ ಗುತ್ತಿಗೆಗೆ ಕೊಟ್ಟು ನನ್ನ ಜೊತೆ ಇರೋಕೆ ಬಂದಳು. ಬಂದ ಮಾರನೇ ದಿನದಿಂದಲೇ ಬೆಳಿಗ್ಗೆ ಐದಕ್ಕೆ ಎದ್ದು, ಹಾಲ್‌ನ ಹನ್ನೊಂದು ಕುಂಡಕ್ಕೂ ಒಂದೊಂದು ಚೊಂಬು ನೀರು ಹಾಕೋದು ಶುರು ಮಾಡಿದಳು. ಮಳೆಗಾಲದಲ್ಲೂ ತಪ್ಪಿಸಲಿಲ್ಲ. ನಲವತ್ತು ವರ್ಷ ಗದ್ದೆಗೆ ನೀರು ಕಟ್ಟಿದ ಕೈ ಅದು.

ನಮ್ಮೂರಿರೋದು ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿ. ನೀರು ಬರೋದು ಕಟ್ಟು ಪದ್ಧತಿಯಲ್ಲಿ: ಇಷ್ಟು ದಿನ ಬಿಡ್ತಾರೆ, ಇಷ್ಟು ದಿನ ನಿಲ್ಲಿಸ್ತಾರೆ. ಮೇಲಿನ ಊರುಗಳನ್ನೆಲ್ಲ ದಾಟಿ ನಮ್ಮ ತೂಬಿಗೆ ಬರೋ ಹೊತ್ತಿಗೆ ಎಷ್ಟೋ ಸಲ ನಡುರಾತ್ರಿ. ಟಾರ್ಚ್ ಹಿಡ್ಕೊಂಡು ಅಪ್ಪ, ಅವ್ವ ಇಬ್ಬರೂ ಹೋಗೋರು. ಬಂದಾಗ ತುಂಬಿಸ್ಕೊಬೇಕು, ನಾಳೆ ಬರುತ್ತೋ ಇಲ್ವೋ. ಅಂಥ ಕೈಗೆ ಹೋಗಿ ‘ವಾರಕ್ಕೊಂದ್ಸಲ ಹಾಕು’ ಅನ್ನೋದು ಹೇಗೆ?

ಆದರೂ ಅಂದೆ. “ದಿನಾ ಹಾಕ್ಬೇಡ ಕಣವ್ವ, ಮಣ್ಣಲ್ಲಿ ಹುಳ ಆಗುತ್ತೆ.”

“ನೀರಿಗೆ ಹುಳ ಆಯ್ತದಾ? ಹಂಗಾದ್ರೆ ನಮ್ ಗದ್ದೆ ತುಂಬ ಹುಳನೇ ಇರ್ಬೇಕಿತ್ತು, ಬುಡು.”

ಪ್ರಶ್ನೆಯಲ್ಲಿ ಹುರುಳಿತ್ತು. ಭತ್ತ ನಿಂತ ನೀರಲ್ಲೇ ಬದುಕುತ್ತೆ. ಯಾಕೆಂದ್ರೆ ಅದರ ಕಾಂಡ, ಬೇರುಗಳೊಳಗೆ ಗಾಳಿ ಓಡಾಡೋ ಪೊಳ್ಳು ದಾರಿಗಳಿವೆ. ನಮ್ಮ ಕುಂಡದ ಗಿಡಗಳದ್ದು ಬೇರೆ ಕಥೆ. ಸ್ನೇಕ್ ಪ್ಲಾಂಟು, ಜೀಜೀ ಪ್ಲಾಂಟು ಎರಡೂ ಆಫ್ರಿಕಾ ಮೂಲದವು, ಒಣಹವೆ ತಡೆದುಕೊಂಡು ಬಂದವು. ಅವುಗಳ ಬೇರು ಮಣ್ಣಿನ ಸಂದಿಯ ಗಾಳಿ ನಂಬ್ಕೊಂಡಿದೆ. ಸಂದಿ ತುಂಬ ನೀರೇ ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತೆ, ಕೊಳೆತಲ್ಲಿ ಬೂಷ್ಟು ಬರುತ್ತೆ, ಬೂಷ್ಟು ಹುಡುಕ್ಕೊಂಡು ನೊರಜು ಬರುತ್ತೆ. ನರ್ಸರಿಯಿಂದ ಬರೋ ಕುಂಡಗಳಲ್ಲಿ ತುಂಬಿರೋ ತೆಂಗಿನ ನಾರಿನ ಪುಡಿ ಬೇರೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡ್ಕೊಂಡೇ ಕೂತಿರುತ್ತೆ.

ನೀರು ಜಾಸ್ತಿಯಾದ್ರೆ ಮಣ್ಣು ಕೆಡುತ್ತೆ ಅನ್ನೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಗೆ ಬರೋದಕ್ಕೂ ಮುಂಚೆ, 1899ರ ಸುಮಾರಿಗೆ, ಪುಣೆ ಕಡೆಯ ನಾಲೆಗಳಿಗೆ ಬ್ಲಾಕ್ ಪದ್ಧತಿ ರೂಪಿಸಿದ್ದರು. ಒಂದೇ ಜಮೀನಿಗೆ ವರ್ಷವಿಡೀ ನೀರು ತುಂಬಿಸದೆ, ಕಬ್ಬಿನಂಥ ಹೆಚ್ಚು ನೀರಿನ ಬೆಳೆಯನ್ನ ಸರದಿ ಮೇಲೆ ಬದಲಾಯಿಸೋ ಲೆಕ್ಕ ಅದು. ಇವತ್ತು ಅವರ ಹೆಸರನ್ನೇ ಹೊತ್ತ ನಾಲೆಯ ಬಯಲಲ್ಲಿ ಭತ್ತ, ಕಬ್ಬು, ಮತ್ತೆ ಭತ್ತ. ಬಸಿಯೋಕೆ ದಾರಿ ಇಲ್ಲದ ತಗ್ಗಿನ ಗದ್ದೆಗಳು ಜೌಗು ಹಿಡಿದು, ಚೌಳಾಗಿ, ಬಿಳಿ ಉಪ್ಪು ಮೇಲೆದ್ದಿರೋದನ್ನ ಅವ್ವನೂ ಕಂಡಿದ್ದಾಳೆ. ತಳದಲ್ಲಿ ತೂತಿಲ್ಲದ ಕುಂಡ ಅಂದ್ರೆ ಹಾಲ್‌ನಲ್ಲಿಟ್ಟ ಚೌಳು ಗದ್ದೆ.

ಭಾಷಣಕ್ಕೆ ಅವ್ವ ಬಗ್ಗೋಳಲ್ಲ. ಒಂದು ಆಲೂಗಡ್ಡೆ ಕೆಲಸಕ್ಕೆ ಬಂತು. ಹಸೀ ಆಲೂಗಡ್ಡೆ ಬಿಲ್ಲೆ ಕೊಯ್ದು, ಕೊಯ್ದ ಬದಿ ಮಣ್ಣಿಗೆ ತಾಗೋ ಹಾಗೆ ಪೀಸ್ ಲಿಲಿ ಕುಂಡದಲ್ಲಿ ಇಟ್ಟೆ. ಎರಡು ದಿನ ಬಿಟ್ಟು ತಿರುವಿದ್ರೆ ಅಡಿಯಲ್ಲಿ ಏಳೆಂಟು ಹುಳು, ಕಪ್ಪು ತಲೆ ಆಡಿಸ್ತಾ. ಅವ್ವ ಕನ್ನಡಕ ಹಾಕ್ಕೊಂಡು ನೋಡಿದಳು. ಆಮೇಲೆ ಕುಂಡಕ್ಕೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅಮುಕಿದಳು. ಬೆರಳ ಸಂದಿಯಿಂದ ನೀರು ಇಳೀತು.

“ಹದ ಕೆಟ್ಟೋಗದೆ,” ಅಂದಳು. “ನಮ್ಮಪ್ಪ ಆಗಿದ್ರೆ ಈ ಮಣ್ಗೆ ಕಾಳಾಕಾಕೇ ಬುಡ್ತಿರ್ಲಿಲ್ಲ.”

ಅವ್ವನ ತವರು ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆ. ನಾಲೆ ಕಾಣದ, ಮಳೆ ನಂಬ್ಕೊಂಡ ರಾಗಿ ಹೊಲ. ಮಳೆ ಬಂದ ಮೇಲೂ ಅಲ್ಲಿ ಕಾಯ್ತಾರೆ. ಮಣ್ಣನ್ನ ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಅದು ಹದ. ಮದುವೆಯಾಗಿ ನಾಲೆ ಬಯಲಿಗೆ ಬಂದ ಮೇಲೆ ಗದ್ದೆಯ ಬುದ್ಧಿ ಬಂತು, ಹೊಲದ ಬುದ್ಧಿ ಎಲ್ಲೂ ಹೋಗಿರಲಿಲ್ಲ. ಕುಂಡದ ಗಿಡಗಳಿಗೆ ಬೇಕಿದ್ದದ್ದು ಅದೇ.

ಆಮೇಲಿನದ್ದೆಲ್ಲ ಸುಲಭ. ಮೇಲಿನ ಒಂದು-ಒಂದೂವರೆ ಇಂಚು ಮಣ್ಣು ಒಣಗೋವರೆಗೂ ನೀರಿಲ್ಲ. ಮೇಲ್ಪದರ ಒಣಗಿದ್ರೆ ಮೊಟ್ಟೆಗೂ ಹುಳುಗೂ ಬದುಕೋದು ಕಷ್ಟ. ಹಾಕೋವಾಗ ಕೆಳಗಿನ ತಟ್ಟೆಗೆ ಹಾಕಿ ಬೇರು ಹೀರಿಕೊಳ್ಳೋಕೆ ಬಿಡೋದು, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನ ಚೆಲ್ಲೋದು. ಉದುರಿದ ಎಲೆ ಆಯ್ದು ತೆಗೆಯೋದು. ಹಾರೋವಕ್ಕೆ ಹಳದಿ ಅಂಟು ಕಾರ್ಡು. ಹಟಮಾರಿ ಕುಂಡ ಇದ್ರೆ ಬಿಟಿಐ ಅನ್ನೋ ಬ್ಯಾಕ್ಟೀರಿಯಾದ ಪುಡಿ ಸಿಗುತ್ತೆ, ಸೊಳ್ಳೆ ಮರಿ ಕೊಲ್ಲೋಕೂ ಬಳಸೋದು ಅದನ್ನೇ. ನೀರಲ್ಲಿ ಕಲಸಿ ವಾರಕ್ಕೊಂದ್ಸಲ ಹಾಕಬೇಕು. ಯಾವುದೇ ಮಾಡಿದ್ರೂ ಒಂದು ತಿಂಗಳು ಬಿಡದೆ ಮಾಡಿ, ಮೊಟ್ಟೆಯಿಂದ ನೊರಜಿನವರೆಗಿನ ಇಡೀ ಸುತ್ತು ಮುರೀಬೇಕಲ್ಲ.

ಬೆಂಗಳೂರಲ್ಲಿ ಕೂತು ಇದನ್ನ ಓದ್ತಿರೋರಿಗೆ ಇನ್ನೊಂದು ಮಾತು. ನಿಮ್ಮ ನಲ್ಲಿಯ ಕಾವೇರಿ ಹೊರಡೋದು ಇದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಕೈತೋಟಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿರಬಹುದು. ಅಷ್ಟು ದೂರದಿಂದ ಬಂದ ನೀರಲ್ಲಿ ನೊರಜು ಸಾಕೋದು ಬೇಡ.

ನಮ್ಮನೇಲಿ ಈಗ ನೊರಜಿಲ್ಲ. ಅವ್ವ ಈಗಲೂ ಐದಕ್ಕೇ ಏಳ್ತಾಳೆ. ಹನ್ನೊಂದು ಕುಂಡಕ್ಕೂ ಬೆರಳಿಟ್ಟು ಹದ ನೋಡ್ತಾಳೆ, ಬೇಕಾದ ಎರಡೋ ಮೂರೋ ಗಿಡಕ್ಕೆ ನೀರು ಕೊಡ್ತಾಳೆ. ಐದು ನಿಮಿಷದಲ್ಲಿ ಕೆಲಸ ಮುಗೀತದೆ. ಮಿಕ್ಕ ಹೊತ್ತಲ್ಲಿ, ಬೆಳಕು ಹರಿಯೋದನ್ನೇ ಕಾಯ್ದು, ಗದ್ದೆ ಗುತ್ತಿಗೆಗೆ ತಗೊಂಡೋರಿಗೆ ಫೋನ್ ಮಾಡ್ತಾಳೆ. “ನಾಲೇಗೆ ನೀರ್ ಬುಟ್ಟವ್ರಾ? ನಮ್ ತೂಬ್‌ತಾವ ಬಂತಾ?”