ಅಬ್ಬಾರ ಬಂದೂಕಿನ ಸಡಿಲ ಕೀಲು

ನಿಮ್ಮ ಮನೆಯಲ್ಲೂ ಹಳೆಯ ಬಂದೂಕು ಇದೆಯೇ ಸಹೋದರಿ? ಜಕ್ಕಲಿಯ ನಮ್ಮ ಮನೆಯಲ್ಲಿತ್ತು. ಬೆಳೆ ಕಾಯಲು ಲೈಸೆನ್ಸ್ ಪಡೆದು ಕೊಂಡಿದ್ದ, ಯಾರೋ ಬಳಸಿ ಬಿಟ್ಟ ಹನ್ನೆರಡು ಬೋರಿನ ಒಂಟಿ ನಳಿಗೆ. ಕಡಲೆ ಹೊಲಕ್ಕೆ ನುಗ್ಗುವ ಹಂದಿಗಳನ್ನು ಅಬ್ಬಾ ಅದರ ಸದ್ದಿನಿಂದಲೇ ಓಡಿಸುತ್ತಿದ್ದರು. ಚಿಗರಿ ಬಂದರೆ ಬರೀ ಕೂಗು. 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಯುತ್ತದಲ್ಲ.

ಒಂದು ಸಂಜೆ ಕುದುರೆ ಎಳೆದರೂ ತೋಟಾ ಸಿಡಿಯಲಿಲ್ಲ. ತಮ್ಮ ಬಂದೂಕು ಮಡಚಲು ಕೈ ಚಾಚಿದ. ಅಬ್ಬಾ ತಡೆದರು. ನಳಿಗೆಯನ್ನು ಬಯಲಿನತ್ತ ಹಿಡಿದು ಒಂದು ನಿಮಿಷ ಕಾದರು. ತಡವಾಗಿ ಸಿಡಿಯುವುದೂ ಉಂಟು. ತೆಗೆದು ನೋಡಿದರೆ ಕ್ಯಾಪಿನ ಮೇಲೆ ಸೂಜಿಯ ಗುರುತು ತೀರಾ ಮೆಲ್ಲಗೆ ಬಿದ್ದಿತ್ತು. ಸ್ಪ್ರಿಂಗ್ ಸೋತಿತ್ತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಕೀಲು. ಮುಚ್ಚಿದ ಬಂದೂಕನ್ನು ಬೆಳಕಿಗೆ ಹಿಡಿದರೆ ನಳಿಗೆಯ ಹಿಂದೆ ಕೂದಲೆಳೆಯಷ್ಟು ಸಂದು ಕಾಣುತ್ತಿತ್ತು.

"ಊರಲ್ಲೇ ವೆಲ್ಡಿಂಗ್ ಮಾಡಿಸೋಣ" ಎಂದ ತಮ್ಮ. ಕಾವು ತಗುಲಿದರೆ ಉಕ್ಕಿನ ಹದ ಕೆಡುತ್ತದೆ; ಒಡೆಯುವುದು ಕೆನ್ನೆಯ ಪಕ್ಕದಲ್ಲೇ. ಮೇಲಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವಂತಿಲ್ಲ. ಮೂರು ದಿನ ಜಗಳ. ಹಣ ಇರಲಿಲ್ಲ, ಅದೂ ನಿಜ. ಕೊನೆಗೆ ಅಮ್ಮಿ ತಮ್ಮ ಗಂಟು ಬಿಚ್ಚಿದರು.

ಲೈಸೆನ್ಸ್ ಪುಸ್ತಕ ಸಮೇತ ಅಬ್ಬಾ ಹುಬ್ಬಳ್ಳಿಗೆ ಹೋಗಿ ಹೊಸ ಕೀಲು, ಸ್ಪ್ರಿಂಗ್ ಹಾಕಿಸಿಕೊಂಡು ಬಂದರು. ಹಳೆಯ ಕೀಲನ್ನು ನನ್ನ ಅಂಗೈಗಿಟ್ಟರು. ಒಂದು ಬದಿ ಹಳೆಯ ಬಳೆಯಂತೆ ಸವೆದಿತ್ತು. ತಮ್ಮ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ, ಏನೂ ಅನ್ನಲಿಲ್ಲ.