ಕ್ಯೋಟೋದಲ್ಲೊಂದು ಎದೋ ಪೇಟೆ

ಕ್ಯೋಟೋದಿಂದ ಪಶ್ಚಿಮಕ್ಕೆ, ಅರಾಶಿಯಾಮದ ಕಡೆ ಹೊರಡುವ ರಾಂದೆನ್ ಎಂಬ ಪುಟ್ಟ ರೈಲು ಮನೆಗಳ ಹಿತ್ತಿಲನ್ನು ಸವರಿಕೊಂಡೇ ಓಡುತ್ತದೆ. ಕೋರ್ಯೂಜಿ ದೇವಾಲಯದ ಹೆಬ್ಬಾಗಿಲ ಬಳಿ ಇಳಿದು ತುಸು ನಡೆದರೆ ಉಜುಮಾಸದ ತೋಯೇಯ್ ಚಿತ್ರಗ್ರಾಮ. ಟಿಕೆಟ್ ತೋರಿಸಿ ಒಳಗೆ ಕಾಲಿಟ್ಟ ಮೇಲೆ ಬೇರೆಯದೇ ಲೋಕ. ಮರದ ಅಂಗಡಿಗಳು, ಕಪ್ಪು ಹೆಂಚು, ಕಮಾನಿನ ಸೇತುವೆ, ಬಡವರ ಸಾಲುಮನೆ, ನಾಟಕಶಾಲೆ. ಅತ್ತ ಸೊಂಟಕ್ಕೆ ಎರಡು ಕತ್ತಿ ಸಿಕ್ಕಿಸಿಕೊಂಡ ಸಮುರಾಯ್ ಒಬ್ಬ ನಿಂತು ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದ.

ನನ್ನನ್ನು ಬೆರಗಾಗಿಸಿದ್ದು ಇಷ್ಟೇ ಅಲ್ಲ. ಕ್ಯೋಟೋದಲ್ಲಿ ನಿಂತಿರುವ ಈ ಬೀದಿ ಕ್ಯೋಟೋದ್ದಲ್ಲ. 350 ಕಿಲೋಮೀಟರಿಗೂ ದೂರದ ಎದೋದ್ದು, ಅಂದರೆ ಹಳೆಯ ಟೋಕಿಯೋದ್ದು. ಅಸಲಿ ಎದೋ 1923ರ ಭೂಕಂಪದಲ್ಲಿ ಕುಸಿದು ಬೆಂದಿತು, ಉಳಿದದ್ದರಲ್ಲಿ ಬಹುಪಾಲನ್ನು 1945ರ ಬಾಂಬುಗಳು ಸುಟ್ಟವು. ಅದೇ ಭೂಕಂಪದಲ್ಲಿ ಸ್ಟುಡಿಯೋ ಕಳೆದುಕೊಂಡ ಟೋಕಿಯೋದ ಸಿನಿಮಾ ಮಂದಿ ಅನೇಕರು ಕ್ಯೋಟೋಗೆ ಬಂದರು. 1926ರಲ್ಲಿ ಕತ್ತಿಕಾಳಗದ ತಾರೆ ಬಾಂದೋ ತ್ಸುಮಾಸಬುರೋ ಉಜುಮಾಸದಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದ. ನೋಡನೋಡುತ್ತ ಊರು ಜಪಾನಿನ ಹಾಲಿವುಡ್ ಎನಿಸಿಕೊಂಡಿತು. ನಿರ್ದೇಶಕ ಕುರೊಸಾವನ ‘ರಶೋಮನ್’ ಚಿತ್ರವನ್ನು 1950ರಲ್ಲಿ ತಯಾರಿಸಿದ ದಾಯೇಯ್ ಕಂಪನಿಯ ಸ್ಟುಡಿಯೋ ಇದ್ದದ್ದೂ ಇಲ್ಲೇ.

ಆಮೇಲೆ ಟೀವಿ ಬಂತು, ಚಿತ್ರಮಂದಿರಗಳು ಖಾಲಿಯಾದವು. 1971ರಲ್ಲಿ ದಾಯೇಯ್ ದಿವಾಳಿಯೆದ್ದಿತು. ಪಕ್ಕದ ತೋಯೇಯ್ ಕಂಪನಿ 1975ರಲ್ಲಿ ತನ್ನ ಹೊರಾಂಗಣ ಸೆಟ್ಟಿನ ಬಾಗಿಲನ್ನು ಜನರಿಗೆ ತೆರೆಯಿತು. ಎಂಥ ಒಳ್ಳೆಯ ಯೋಚನೆ! ಪ್ರವಾಸಿಗರ ದುಡ್ಡು ಬೀದಿಯನ್ನು ಉಳಿಸಿತು, ಆ ಬೀದಿಯಲ್ಲೇ ಚಿತ್ರೀಕರಣ ಮುಂದುವರಿಯಿತು. ಫಲಕ, ಪರದೆ ಬದಲಿಸಿದರೆ ನಿನ್ನೆಯ ಅಕ್ಕಿ ಅಂಗಡಿ ಇಂದು ಛತ್ರ. ಅದೃಷ್ಟವಿದ್ದರೆ ಕ್ಯಾಮೆರಾ ಓಡುತ್ತಿರುವುದೂ ನಿಮ್ಮ ಕಣ್ಣಿಗೆ ಬೀಳುತ್ತದೆ.

ಆದರೆ ಉಜುಮಾಸದ ನಿಜವಾದ ಸಂಪತ್ತು ಕಟ್ಟಡಗಳಲ್ಲ, ಸಾಯಬಲ್ಲ ನಟರು. ಕತ್ತಿಯೇಟು ತಿಂದು ಬೀಳುವುದನ್ನೇ ಕಸುಬು ಮಾಡಿಕೊಂಡವರಿಗೆ ಇಲ್ಲಿ ‘ಕಿರಾರೆಯಾಕು’ ಎನ್ನುತ್ತಾರೆ. ನಾಯಕನ ಕತ್ತಿ ಮೈಗೆ ತಾಗುವುದೇ ಇಲ್ಲ. ಅದು ತಾಗಿತು, ಆಳಕ್ಕೆ ಇಳಿಯಿತು ಎಂದು ನಮ್ಮನ್ನು ನಂಬಿಸುವವನು ಬೀಳುವವನು. ನಾಯಕನ ಶೌರ್ಯವೆಲ್ಲ ಅವನು ಕೊಟ್ಟ ದಾನ. ಸೆಯ್ಜೋ ಫುಕುಮೊಟೊ ಹದಿನೈದರ ಹರೆಯದಲ್ಲಿ ತೋಯೇಯ್ ಸೇರಿ, ತೆರೆಯ ಮೇಲೆ 50,000 ಸಲ ಸತ್ತವರೆಂದೇ ಹೆಸರಾದರು. ಸಿಗಡಿಯ ಹಾಗೆ ಬೆನ್ನನ್ನು ಹಿಂದಕ್ಕೆ ಬಾಗಿಸಿ, ಮುಖ ಕ್ಯಾಮೆರಾಕ್ಕೆ ಸಿಕ್ಕುವಂತೆ ಕುಸಿಯುವುದು ಅವರ ವಿಶೇಷ. ಎಪ್ಪತ್ತು ದಾಟಿದ ಮೇಲೆ ‘ಉಜುಮಾಸ ಲೈಮ್‌ಲೈಟ್’ (2014) ಚಿತ್ರ ಅವರನ್ನು ಮೊದಲ ಬಾರಿಗೆ ನಾಯಕನನ್ನಾಗಿಸಿತು, ಮಾಂಟ್ರಿಯಲ್‌ನ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. 2021ರ ಹೊಸವರ್ಷದ ದಿನ ಅವರು ತೀರಿಕೊಂಡರು.

ಕಸುಬು ಮಾತ್ರ ಅವರೊಂದಿಗೆ ಹೋಗಲಿಲ್ಲ. ಸಿಡಿಲು ಬಡಿದು ಈ ಕಾಲದ ಸ್ಟುಡಿಯೋದಲ್ಲಿ ಕಣ್ಣು ಬಿಡುವ ಹಳೆಯ ಕಾಲದ ಸಮುರಾಯ್ ಕಿರಾರೆಯಾಕು ಆಗಿ ಬದುಕು ಕಟ್ಟಿಕೊಳ್ಳುವ ಕಥೆಯನ್ನು ನಿರ್ದೇಶಕ ಜುನ್‌ಇಚಿ ಯಾಸುದಾ ‘ಎ ಸಮುರಾಯ್ ಇನ್ ಟೈಮ್’ ಎಂಬ ಚಿತ್ರವಾಗಿಸಿದರು. ಅವರು ಭತ್ತ ಬೆಳೆಯುವ ರೈತರೂ ಹೌದು. ಅಲ್ಪ ಹಣದ ಆ ಸಾಹಸಕ್ಕೆ ತೋಯೇಯ್‌ನ ಕ್ಯೋಟೋ ಸ್ಟುಡಿಯೋ ಕೈಜೋಡಿಸಿತು. 2024ರ ಆಗಸ್ಟಿನಲ್ಲಿ ಒಂದೇ ಚಿತ್ರಮಂದಿರದಲ್ಲಿ ತೆರೆಕಂಡ ಅದು 2025ರಲ್ಲಿ ಜಪಾನ್ ಅಕಾಡೆಮಿಯ ಶ್ರೇಷ್ಠ ಚಿತ್ರ ಪ್ರಶಸ್ತಿ ಗೆದ್ದಿತು.

ಕ್ಯೋಟೋಗೆ ಹೋದವರು ದೇವಾಲಯಗಳ ನಡುವೆ ಅರ್ಧ ದಿನವನ್ನು ಉಜುಮಾಸಕ್ಕೆ ಎತ್ತಿಡಿ. ಅಲ್ಲಿ ಕತ್ತಿಕಾಳಗದ ಪ್ರದರ್ಶನ ಸಿಕ್ಕಿದರೆ ಗೆಲ್ಲುವವನನ್ನು ಬಿಟ್ಟು, ದಯವಿಟ್ಟು ಬೀಳುವವನನ್ನು ನೋಡಿ.